ಸಾಂಬ್ರಾಣಿ ಕೇಳಿದರೆ ಧೂಪ ತಂದರು

ನಾನು ಮದುವೆಯಾಗಿ ಮೈಸೂರಿಗೆ ಬಂದಿದ್ದು 2010ರಲ್ಲಿ. ಆ ವರ್ಷದ ಜುಲೈನಲ್ಲಿ ಜೋರು ಶೀತ ಹಿಡಿಯಿತು. ಮೂಗು ಕಟ್ಟಿ, ತಲೆ ಕಲ್ಲಿನ ಹಾಗೆ ಆಗಿತ್ತು. ಯಜಮಾನರ ಆಫೀಸಿಗೆ ಫೋನ್ ಮಾಡಿ, "ಬರುವಾಗ ಎಲ್ಲಾದರೂ ಸಾಂಬ್ರಾಣಿ ಸಿಕ್ಕಿದರೆ ತನ್ನಿ, ಶೀತಕ್ಕೆ ಬೇಕು" ಅಂದೆ. ಸಂಜೆ ಅವರು ಗ್ರಂಥಿಗೆ ಅಂಗಡಿಯಿಂದ ನೂರು ಗ್ರಾಂ ಪೊಟ್ಟಣ ತಂದು ಕೈಗಿಟ್ಟರು. ಬಿಚ್ಚಿದರೆ ಒಳಗೆ ಧೂಪದ ಹರಳು!

"ಹೊಗೆ ತಗೊಳ್ಳೋಕೆ ಕೇಳಿದ್ದಲ್ವಾ?" ಅಂದರು ಪಾಪ.

ನನಗೆ ಬೇಕಿದ್ದದ್ದು ಎಲೆ. ದಪ್ಪಗೆ, ಮೆತ್ತಗೆ, ಅಂಚಿನಲ್ಲಿ ಗರಗಸದ ಹಲ್ಲು, ಮೈಮೇಲೆ ಸಣ್ಣ ರೋಮ. ಒಂದು ಮುರಿದರೆ ಸಾಕು, ಕೈತುಂಬ ಓಮದ ವಾಸನೆ. ಇಷ್ಟು ವಿವರಿಸುವಷ್ಟರಲ್ಲಿ ಅತ್ತೆಗೆ ಗೊತ್ತಾಯಿತು. "ಅಯ್ಯೋ, ದೊಡ್ಡಪತ್ರೆ ಅನ್ನಮ್ಮ! ದೇವರ ಮುಂದೆ ಹಾಕೋ ಸಾಂಬ್ರಾಣಿನ ನಿಮ್ಮ ಕಡೆ ತಿಂತಾರಾ ಅಂತ ನಾನೂ ಯೋಚನೆ ಮಾಡ್ತಿದ್ದೆ" ಅಂತ ನಕ್ಕು, ಚಪ್ಪಲಿ ಮೆಟ್ಟಿಕೊಂಡು ಹಿಂದಿನ ಬೀದಿಗೆ ಹೋದರು. ಅಲ್ಲೊಬ್ಬರ ಮನೆ ಕಾಂಪೌಂಡಿನಿಂದ ಒಂದು ಹಿಡಿ ಕುಡಿ ಮುರಿದು ತಂದರು. ಎಲೆ ಕಿತ್ತು ನನಗೆ ಕೊಟ್ಟು, ಉಳಿದ ಕಡ್ಡಿಯನ್ನು ಹಿತ್ತಲಲ್ಲಿದ್ದ ಹಳೇ ಪೇಂಟ್ ಬಕೆಟ್ಟಿಗೆ ಸುಮ್ನೆ ಚುಚ್ಚಿದರು. ನಮ್ಮ ಮನೆಗೆ ಈ ಗಿಡ ಬಂದದ್ದು ಹಾಗೆ.

ನಾನು ಪುತ್ತೂರಿನ ಕಡೆಯವಳು. ಅಲ್ಲಿ ಇದು ಸಾಂಬ್ರಾಣಿ. ಉಡುಪಿ, ಕುಂದಾಪುರದ ಕಡೆ ಸಂಬಾರಬಳ್ಳಿ ಅಂತಾರೆ. ಬಳ್ಳಿ ಯಾಕೆ ಅಂದರೆ ಇದು ನೆಟ್ಟಗೆ ನಿಲ್ಲುವುದಿಲ್ಲ, ಉದ್ದವಾದ ಕೂಡಲೇ ಬಾಗಿ ಹರಡುತ್ತದೆ. ತಮಿಳಿನಲ್ಲಿ ಕರ್ಪೂರವಳ್ಳಿ. ಮಲಯಾಳಂನಲ್ಲಿ ಪನಿಕೂರ್ಕ. ಪನಿ ಅಂದರೆ ಅವರಲ್ಲಿ ಜ್ವರ. ತೆಲುಗಿನವರು ವಾಮು ಆಕು, ಅಂದರೆ ಓಮದ ಎಲೆ ಅನ್ನುತ್ತಾರೆ.

ಈ ಓಮದ ಹೆಸರಿನಿಂದ ಒಂದು ಗೊಂದಲ ಇದೆ. ನಮ್ಮ ಎದುರು ಮನೆಯ ಹಿಂದಿ ಮಾತಾಡುವ ಹುಡುಗಿ ಇದನ್ನು ಅಜ್ವೈನ್ ಗಿಡ ಅಂತಲೇ ಕರೆಯುತ್ತಾಳೆ. ನರ್ಸರಿಗಳಲ್ಲೂ ಹಾಗೇ ಚೀಟಿ ಅಂಟಿಸಿರುತ್ತಾರೆ. ಒಂದು ದಿನ ಅವಳು "ಇದು ಯಾವಾಗ ಓಮ ಬಿಡುತ್ತೆ ಆಂಟಿ?" ಅಂತ ಕೇಳಿದಳು. ಬಿಡಲ್ಲ. ಅಡುಗೆಮನೆ ಡಬ್ಬಿಯಲ್ಲಿರುವ ಓಮ ಬರುವುದು ಕೊತ್ತಂಬರಿ, ಜೀರಿಗೆ ಜಾತಿಯ ಗಿಡದಿಂದ. ಅದರ ಎಲೆ ಸಬ್ಬಸಿಗೆ ಸೊಪ್ಪಿನ ಹಾಗೆ ಎಳೆಎಳೆ. ದೊಡ್ಡಪತ್ರೆ ತುಳಸಿ, ಪುದೀನದ ಕುಟುಂಬದ್ದು. ದಂಟು ಮುಟ್ಟಿ ನೋಡಿ, ತುಳಸಿಯ ಹಾಗೆ ಚೌಕ ಸಿಗುತ್ತದೆ. ವಾಸನೆ ಒಂದೇ ಥರ ಇರುವುದಕ್ಕೆ ಕಾರಣ ಎಣ್ಣೆ. ಓಮದಲ್ಲಿರುವ ಥೈಮಾಲ್ ಇದರಲ್ಲೂ ಇದೆ, ಜೊತೆಗೆ ಕಾರ್ವಕ್ರಾಲ್ ಅನ್ನುವುದೂ ಇದೆ. ಪಿಜ್ಜಾ ಮೇಲೆ ಉದುರಿಸುವ ಒರೆಗಾನೊದ ಘಮವೂ ಈ ಕಾರ್ವಕ್ರಾಲಿನದೇ. ಅದಕ್ಕೇ ಹೊರದೇಶಗಳಲ್ಲಿ ನಮ್ಮ ದೊಡ್ಡಪತ್ರೆಗೆ ಕ್ಯೂಬನ್ ಒರೆಗಾನೊ ಅನ್ನುವ ಹೆಸರಿದೆ. ನನ್ನ ಮಗ ಇದನ್ನು ಕೇಳಿದ ಮೇಲೆ ತಂಬುಳಿಗೆ ಸ್ವಲ್ಪ ಮರ್ಯಾದೆ ಕೊಡುತ್ತಿದ್ದಾನೆ.

ಸಸ್ಯಶಾಸ್ತ್ರದವರೂ ಹೆಸರಿನ ವಿಷಯದಲ್ಲಿ ನಮಗಿಂತ ಮೇಲೇನಲ್ಲ ಬಿಡಿ. 1790ರಲ್ಲಿ ಪೋರ್ಚುಗೀಸ್ ಪಾದ್ರಿ ಲೊರೇರೊ ಇದಕ್ಕೆ ಕೋಲಿಯಸ್ ಅಂಬೋಯಿನಿಕಸ್ ಅಂತ ಹೆಸರಿಟ್ಟರು, ಇಂಡೋನೇಷ್ಯಾದ ಅಂಬೋನ್ ದ್ವೀಪದ ನೆನಪಿಗೆ. ಆಮೇಲೆ ಬಂದವರು ಪ್ಲೆಕ್ಟ್ರಾಂಥಸ್ ಅಂತ ಬದಲಾಯಿಸಿದರು. 2019ರಲ್ಲಿ ಮತ್ತೆ ಕೋಲಿಯಸ್ಸಿಗೇ ವಾಪಸ್ ಬಂದರು.

ಇನ್ನು ನಾನು ಈ ಗಿಡವನ್ನು ಎರಡು ಸಲ ಕೊಂದ ಕಥೆ.

2015ರಲ್ಲಿ ನಾವು ಕುವೆಂಪುನಗರದಲ್ಲಿ ಮೊದಲ ಮಹಡಿಯ ಬಾಡಿಗೆ ಮನೆಗೆ ಬಂದೆವು. ಹಿತ್ತಲು ಹೋಗಿ ಬಾಲ್ಕನಿ ಬಂತು. ಬಾಲ್ಕನಿ ಕೆಳಗೆ ಓನರ್ ಮನೆಯವರ ಬಟ್ಟೆ ಒಣಗುವ ಹಗ್ಗ. ಕುಂಡದ ನೀರು ಅವರ ಬಿಳಿ ಪಂಚೆ ಮೇಲೆ ಒಂದು ಸಲ ತೊಟ್ಟಿಕ್ಕಿತು, ಮಾತು ಬಂತು. ನಾನು ಎಲ್ಲಾ ಕುಂಡಗಳಿಗೂ ಕೆಳಗೆ ಪ್ಲಾಸ್ಟಿಕ್ ತಟ್ಟೆ ಇಟ್ಟೆ. ಅದೂ ಮಳೆಗಾಲ. ತಟ್ಟೆಯಲ್ಲಿ ನೀರು ನಿಂತೇ ಇರುತ್ತಿತ್ತು. ಮೇಲಿಂದ ನೋಡಿದರೆ ಎಲೆ ಬಾಡಿದ ಹಾಗೆ ಕಾಣುತ್ತಿತ್ತು. ಬಾಡಿದೆ ಅಂತ ಇನ್ನೊಂದು ಚೊಂಬು ಹಾಕಿದೆ. ಒಂದು ಬೆಳಗ್ಗೆ ದಂಟು ಹಿಡಿದರೆ ಬುಡದಿಂದ ಹಾಗೇ ಕಳಚಿ ಬಂತು. ಬುಡ ಕಪ್ಪಗೆ, ಲೋಳೆ ಲೋಳೆ.

ಅಮ್ಮನಿಗೆ ಫೋನ್ ಮಾಡಿದೆ. "ಎಂತ, ಸತ್ತಿತಾ? ಸಾಂಬ್ರಾಣಿ ಸಾಯಿಸ್ಲಿಕ್ಕೂ ಒಂದು ಸಾಮರ್ಥ್ಯ ಬೇಕು ಮಾರಾಯ್ತಿ!"

ಅವರು ಹೇಳಿದ್ದು ಸರಿ. ಪುತ್ತೂರಿನ ಕಡೆ ವರ್ಷಕ್ಕೆ 3500 ಮಿಲಿಮೀಟರ್ ದಾಟಿ ಮಳೆ ಹೊಡೆಯುತ್ತದೆ. ಮೈಸೂರಿನಲ್ಲಿ 800ರ ಆಸುಪಾಸು. ಅಷ್ಟು ಮಳೆಯಲ್ಲಿ ಬದುಕಿದ ಗಿಡ ಇಲ್ಲಿ ಕೊಳೆಯಿತು ಅಂದರೆ ಅದಕ್ಕೆ ನಾನೇ ಕಾರಣ. ಊರಿನಲ್ಲಿ ಅಮ್ಮ ಇದನ್ನು ಅಂಗಳಕ್ಕೆ ಯಾವತ್ತೂ ಇಳಿಸಿದವರಲ್ಲ. ಜಗಲಿಯ ತುದಿಯಲ್ಲಿ, ಮಾಡಿನ ಕೆಳಗೆ, ಬಾಯಿ ಒಡೆದ ಮಣ್ಣಿನ ಪಾತ್ರೆಯಲ್ಲಿ ಇರುತ್ತಿತ್ತು. ಇರುಚಲು ಹೊಡೆದರೆ ಅದಕ್ಕೆ ಅಷ್ಟೇ ನೀರು. ಆ ಪಾತ್ರೆ ಒಡೆದಿದ್ದು ಒಳ್ಳೆಯದೇ ಆಗಿತ್ತು, ನೀರು ನಿಲ್ಲುತ್ತಿರಲಿಲ್ಲ.

ಎರಡನೇ ಸಲದ್ದು ಇನ್ನೂ ತಮಾಷೆ. ಮಗನ ಬೇಸಿಗೆ ರಜೆಗೆ ಹನ್ನೆರಡು ದಿನ ಊರಿಗೆ ಹೋದೆವು. ಗಿಡ ಒಣಗೀತು ಅಂತ ಪಕ್ಕದ ಮನೆ ಹುಡುಗನಿಗೆ ಬೀಗದ ಕೈ ಕೊಟ್ಟು, ನೋಡಿಕೊಳ್ಳಪ್ಪಾ ಅಂದಿದ್ದೆ. ಒಳ್ಳೆ ಹುಡುಗ. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ, ತಪ್ಪದೆ ನೀರು ಹಾಕಿದ್ದಾನೆ. ಬಂದು ನೋಡುವಾಗ ಗಿಡ ಮಲಗಿತ್ತು. ಅವನಿಗೆ ಏನೂ ಹೇಳಲಿಲ್ಲ. ಊರಿಂದ ತಂದ ಹಲಸಿನ ಹಪ್ಪಳ ಕೊಟ್ಟು ಕಳಿಸಿದೆ. ನಿಜ ಹೇಳಬೇಕೆಂದರೆ ಯಾರಿಗೂ ಹೇಳದೆ, ಕುಂಡವನ್ನು ಸ್ವಲ್ಪ ನೆರಳಿಗೆ ಸರಿಸಿ ಹೋಗಿದ್ದರೆ ಸಾಕಿತ್ತು. ಆ ದಪ್ಪ ಎಲೆ ಇರುವುದೇ ನೀರು ಕೂಡಿಟ್ಟುಕೊಳ್ಳೋದಕ್ಕೆ. ಬಾಯಾರಿದ ಗಿಡ ಒಂದು ಲೋಟ ನೀರಿಗೆ ಸಂಜೆಯೊಳಗೆ ಎದ್ದು ಕೂರುತ್ತದೆ. ಬೇರು ಕೊಳೆತದ್ದಕ್ಕೆ ಮದ್ದಿಲ್ಲ. ಈ ಎರಡೂ ಸ್ಥಿತಿಯಲ್ಲಿ ಎಲೆ ಒಂದೇ ಥರ ಜೋತುಬೀಳುತ್ತದೆ, ಅದೇ ಮೋಸ. ಹಾಗಾಗಿ ಎಲೆ ನೋಡಿ ನೀರು ಹಾಕಬೇಡಿ, ಮಣ್ಣಿಗೆ ಬೆರಳು ಹಾಕಿ ನೋಡಿ. ಎರಡು ಗೆಣ್ಣು ಒಳಗೆ ಹೋಗುವವರೆಗೂ ಒಣಗಿದ್ದರೆ ಮಾತ್ರ ನೀರು. ನನ್ನ ಬಾಲ್ಕನಿಯಲ್ಲಿ ಏಪ್ರಿಲ್‌ನಲ್ಲಿ ಎರಡು ದಿನಕ್ಕೊಮ್ಮೆ, ಡಿಸೆಂಬರ್‌ನಲ್ಲಿ ಐದಾರು ದಿನಕ್ಕೊಮ್ಮೆ ಬೇಕಾಗುತ್ತದೆ. ಮಳೆ ಹಿಡಿದರೆ ಆ ಕಡೆ ತಿರುಗಿಯೂ ನೋಡುವುದಿಲ್ಲ.

ಎರಡನೇ ಗಿಡ ಸತ್ತಾಗ ಹಿಂದಿನ ಬೀದಿಯ ಆ ಮನೆ ನೆನಪಾಯಿತು. ಹಳೇ ಏರಿಯಾಕ್ಕೆ ಹೋಗಿ ನೋಡಿದರೆ ಮನೆಯೇ ಇಲ್ಲ, ಅಪಾರ್ಟ್‌ಮೆಂಟ್ ಪಾಯ ತೋಡುತ್ತಿದ್ದರು. ನರ್ಸರಿಯಲ್ಲಿ ದುಡ್ಡು ಕೊಟ್ಟು ತರಲು ಮನಸ್ಸು ಒಪ್ಪಲಿಲ್ಲ. ದೊಡ್ಡಪತ್ರೆಯನ್ನು ಯಾರಾದರೂ ಕೊಂಡುಕೊಳ್ಳುತ್ತಾರಾ? ಆಮೇಲೆ ಜ್ಞಾಪಕಕ್ಕೆ ಬಂತು. ನಾನು ಕೆಲಸ ಮಾಡುವ ಆಡಿಟರ್ ಆಫೀಸಿನಲ್ಲಿ ಒಬ್ಬರಿಗೆ ಹಿಂದೆ ಎರಡು ಕಡ್ಡಿ ಕೊಟ್ಟಿದ್ದೆ. ಕೇಳಿದರೆ, "ಅಯ್ಯೋ ಮೇಡಂ, ಒಂದು ಚೀಲ ತರ್ತೀನಿ, ಎಲ್ಲಿ ನೋಡಿದ್ರೂ ಅದೇ" ಅಂದರು. ಅವರ ಮನೆಯದೂ ನನ್ನ ಸತ್ತ ಗಿಡವೂ ಬೇರೆ ಬೇರೆ ಅಲ್ಲ. ಬೀಜದಿಂದ ಹುಟ್ಟಿದ್ದಾದರೆ ಮಗು ಅನ್ನಬಹುದಿತ್ತು. ಇದು ಕಡ್ಡಿಯಿಂದ ಬಂದದ್ದು, ಅದೇ ಗಿಡದ ಇನ್ನೊಂದು ತುಂಡು. ಅಂದಿನಿಂದ ಯಾರು ಬಾಲ್ಕನಿ ನೋಡಿದರೂ ಒಂದು ಕಡ್ಡಿ ಮುರಿದು ಕೈಗೆ ಕೊಡುತ್ತೇನೆ. ಗ್ಯಾಸ್ ಸಿಲಿಂಡರ್ ತರುವವರಿಗೂ ಕೊಟ್ಟಿದ್ದೇನೆ. ಧಾರಾಳ ಬುದ್ಧಿ ಅಂದುಕೊಳ್ಳಬೇಡಿ, ನನ್ನದು ಸತ್ತರೆ ವಾಪಸ್ ಕೇಳಲು ನಾಲ್ಕು ಮನೆ ಇರಲಿ ಅಂತ.

ಕಡ್ಡಿ ನೆಡುವುದು ಕಷ್ಟದ ಕೆಲಸವೇನಲ್ಲ. ಅರ್ಧ ಗೇಣು ಉದ್ದದ, ಎಳೆಯದೂ ಅಲ್ಲದ ಬಲಿತದ್ದೂ ಅಲ್ಲದ ಕುಡಿ ಆರಿಸಿ, ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ. ಕೆಳಗಿನ ಎಲೆ ತೆಗೆದು, ಎರಡು ಗೆಣ್ಣು ಮಣ್ಣಿನೊಳಗೆ ಹೋಗುವ ಹಾಗೆ ಊರಿ. ಬೇರು ಒಡೆಯುವುದು ಗೆಣ್ಣಿನಿಂದ. ಎರಡು ವಾರ ನೇರ ಬಿಸಿಲು ಬೀಳದ ಕಡೆ ಇಡಿ. ಮೆಲ್ಲಗೆ ಎಳೆದು ನೋಡಿದಾಗ ಬರಲು ಒಪ್ಪದಿದ್ದರೆ ಬೇರು ಹಿಡಿದಿದೆ ಅಂತ ಅರ್ಥ. ನೀರಿನ ಲೋಟದಲ್ಲಿ ಇಟ್ಟರೂ ಬೇರು ಬರುತ್ತದೆ, ಮಕ್ಕಳಿಗೆ ನೋಡಲು ಚೆಂದ. ಆದರೆ ಅಲ್ಲಿಂದ ಮಣ್ಣಿಗೆ ಹಾಕಿದಾಗ ಒಂದು ವಾರ ಮುನಿಸಿಕೊಳ್ಳುತ್ತದೆ.

ಕುಂಡ ಎಂಟು ಹತ್ತು ಇಂಚಿನದು ಸಾಕು. ನನ್ನದು ಈಗಲೂ ಪೇಂಟ್ ಬಕೆಟ್ಟೇ. ತಳದಲ್ಲಿ ಕಾದ ಮೊಳೆಯಿಂದ ಆರು ತೂತು ಮಾಡಿದ್ದೇನೆ. ಬಕೆಟ್ಟನ್ನು ತಟ್ಟೆಯೊಳಗೆ ನೇರ ಇಡದೆ, ಮೂರು ಹೆಂಚಿನ ಚೂರಿನ ಮೇಲೆ ಎತ್ತಿ ಇಟ್ಟಿದ್ದೇನೆ. ಬಸಿದ ನೀರು ತಟ್ಟೆಗೆ ಬೀಳುತ್ತದೆ, ಬೇರಿಗೆ ತಾಗುವುದಿಲ್ಲ, ಓನರ್ ಪಂಚೆಗೂ ಬೀಳುವುದಿಲ್ಲ. ಮಣ್ಣಿಗೆ ಅಮ್ಮನಾದರೆ ಸುಡುಮಣ್ಣು ಅನ್ನುತ್ತಾರೆ. ತರಗೆಲೆ, ಕಸಕಡ್ಡಿ ಮೇಲೆ ಮಣ್ಣು ಪೇರಿಸಿ, ಒಳಗೊಳಗೇ ಬೆಂಕಿ ಹಿಡಿಸಿ ಸುಟ್ಟ ಮಣ್ಣು. ನಮ್ಮ ಕರಾವಳಿಯಲ್ಲಿ ಹೂಗಿಡಕ್ಕೂ ತರಕಾರಿಗೂ ಅದೇ. ಬಾಲ್ಕನಿಯಲ್ಲಿ ಮಣ್ಣು ಸುಡಲು ಹೋದರೆ ಬಾಡಿಗೆ ಮನೆ ಖಾಲಿ ಮಾಡಬೇಕಾಗುತ್ತದೆ. ಹಾಗಾಗಿ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಳೇ ಸಗಣಿ ಗೊಬ್ಬರ. ಗೊಬ್ಬರ ಅದಕ್ಕಿಂತ ಜಾಸ್ತಿ ಬೇಡ. ಕೊಬ್ಬಿದ ಗಿಡದ ಎಲೆ ಅಂಗೈ ಅಗಲ ಬರುತ್ತದೆ, ಘಮ ಮಾತ್ರ ಇರುವುದಿಲ್ಲ.

ಬಿಸಿಲಿನದೂ ಹಾಗೇ. ಬೆಳಗಿನಿಂದ ಹತ್ತೂವರೆ ಹನ್ನೊಂದರವರೆಗೆ ಬಿಸಿಲು, ಆಮೇಲೆ ಬೆಳಕು ಮಾತ್ರ ಸಿಕ್ಕರೆ ಅದಕ್ಕೆ ಇಷ್ಟ. ಒಂದು ಬೇಸಿಗೆ ಟೆರೇಸಿನ ಮೇಲಿಟ್ಟು ನೋಡಿದೆ. ಎಲೆ ಚಿಕ್ಕದಾಗಿ, ಹಳದಿಗೆ ತಿರುಗಿ, ಬಟ್ಟಲಿನ ಹಾಗೆ ಮುದುರಿಕೊಂಡಿತು. ಅಡುಗೆಮನೆ ಒಳಗಿಟ್ಟರೆ ಕಿಟಕಿ ಕಡೆಗೆ ಕತ್ತು ಚಾಚಿ ಉದ್ದುದ್ದ ಬೆಳೆಯಿತು. ಗೆಣ್ಣಿಂದ ಗೆಣ್ಣಿಗೆ ಅರ್ಧ ಗೇಣು! ಆಗಾಗ ತುದಿ ಚಿವುಟುತ್ತಿದ್ದರೆ ಪಕ್ಕಕ್ಕೆ ಕವಲೊಡೆದು ಪೊದೆಯಾಗುತ್ತದೆ. ಅಡುಗೆಗೆ ಕೀಳುವಾಗ ಬಿಡಿ ಎಲೆ ಕೀಳದೆ ಕುಡಿ ಸಮೇತ ಮುರಿದರೆ ಎರಡೂ ಕೆಲಸ ಆಯಿತು. ವರ್ಷ ಒಂದಾದ ಮೇಲೆ ಬುಡದ ದಂಟು ಮರದ ಹಾಗೆ ಗಟ್ಟಿಯಾಗಿ ಬೋಳಾಗುತ್ತದೆ. ಅದನ್ನು ಉಳಿಸಲು ಒದ್ದಾಡದೆ ಹೊಸ ಕಡ್ಡಿ ಊರಿಬಿಡುತ್ತೇನೆ.

ರೋಗ, ಹುಳ ಕಡಿಮೆ. ಎಲೆ ಸಂದಿಯಲ್ಲಿ ಹತ್ತಿಯ ಹಾಗೆ ಹಿಟ್ಟು ತಿಗಣೆ ಕೂರುವುದುಂಟು. ಹಳೇ ಹಲ್ಲುಜ್ಜುವ ಬ್ರಶ್ಶನ್ನು ಸೋಪಿನ ನೀರಿನಲ್ಲಿ ಅದ್ದಿ ಉಜ್ಜುತ್ತೇನೆ. ತಿನ್ನುವ ಎಲೆ ಅಲ್ವಾ, ಔಷಧಿ ಹೊಡೆಯಲು ಧೈರ್ಯ ಇಲ್ಲ. ಇದರ ವಾಸನೆಗೆ ಸೊಳ್ಳೆ ಬರಲ್ಲ ಅಂತ ಜನ ಹೇಳುವುದನ್ನು ಕೇಳಿದ್ದೇನೆ. ನಮ್ಮ ಬಾಲ್ಕನಿಯ ಸೊಳ್ಳೆಗಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಈಗ ತಂಬುಳಿ. ನನಗೆ ಗಿಡ ಬೇಕಾಗಿದ್ದೇ ಇದಕ್ಕೆ. ಹನ್ನೆರಡು ಹದಿನೈದು ಎಲೆ ತೊಳೆದು ಹರಿದುಕೊಳ್ಳಿ. ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು ಹಾಕಿ, ಅದು ಸಿಡಿದ ಮೇಲೆ ಎಲೆ ಹಾಕಿ ಸಣ್ಣ ಉರಿಯಲ್ಲಿ ಬಾಡಿಸಿ. ಎಲೆ ಒಂದು ಹಿಡಿ ಇದ್ದದ್ದು ಒಂದು ಚಮಚದಷ್ಟಾಗುತ್ತದೆ. ಹಸಿರು ಹೋಗಿ ಮಂಕು ಬಣ್ಣ ಬರಬೇಕು. ಇಲ್ಲಿ ಅವಸರ ಮಾಡಿದರೆ ತಂಬುಳಿ ಗಂಟಲಿಗೆ ಹತ್ತುತ್ತದೆ, ಹಸಿ ಎಲೆಯ ಖಾರ ಅಷ್ಟಿದೆ. ಆರಿದ ಮೇಲೆ ಅರ್ಧ ಬಟ್ಟಲು ತೆಂಗಿನತುರಿ ಸೇರಿಸಿ ನುಣ್ಣಗೆ ರುಬ್ಬಿ, ಒಂದು ಲೋಟ ಮಜ್ಜಿಗೆ, ಉಪ್ಪು ಬೆರೆಸಿದರೆ ಆಯಿತು. ಮತ್ತೆ ಒಲೆ ಮೇಲೆ ಇಡುವ ಹಾಗಿಲ್ಲ. ಸಾಸಿವೆ, ಒಣಮೆಣಸಿನ ಒಗ್ಗರಣೆ ಬೇಕಾದರೆ ಕೊಡಿ. ಕುಚ್ಚಿಲಕ್ಕಿ ಅನ್ನಕ್ಕೆ ಮೊದಲು ಇದನ್ನು ಬಡಿಸಬೇಕು. ಹುಳಿ ಸಾರು ತಿಂದ ಮೇಲೆ ಬಡಿಸಿದರೆ ಇದರ ರುಚಿ ತಿಳಿಯುವುದಿಲ್ಲ.

ಅತ್ತೆಗೆ ತಂಬುಳಿ ಅಂದರೆ ಅಷ್ಟಕ್ಕಷ್ಟೆ. "ತಣ್ಣಗಿರೋ ಸಾರು" ಅಂತಾರೆ. ಅವರದೇನಿದ್ದರೂ ಬಜ್ಜಿ. ಕಡಲೆಹಿಟ್ಟಿಗೆ ಒಂದು ಹಿಡಿ ಅಕ್ಕಿಹಿಟ್ಟು, ಖಾರದ ಪುಡಿ, ಇಂಗು. ಎಲೆ ಇಡಿಯಾಗಿ ಅದ್ದಿ ಕರಿಯುವುದು. ಎಲೆ ಮೇಲೆ ನೀರಿನ ಪಸೆ ಇದ್ದರೆ ಎಣ್ಣೆ ಸಿಡಿಯುತ್ತದೆ, ಬಟ್ಟೆಯಲ್ಲಿ ಒರೆಸಿಕೊಳ್ಳಬೇಕು. ಮಳೆ ಬರುವ ಸಂಜೆ ಅದನ್ನು ಬೇಡ ಅನ್ನಲು ನನ್ನಿಂದಲೂ ಆಗಿಲ್ಲ. ಉದ್ದಿನಬೇಳೆ, ಕಡಲೆಬೇಳೆ, ಹುಣಸೆಹಣ್ಣು ಹಾಕಿ ಅವರು ಮಾಡುವ ಚಟ್ನಿಯೂ ಚೆನ್ನಾಗಿರುತ್ತದೆ, ದೋಸೆಗೆ.

ಮದ್ದಿನ ವಿಷಯ ಸ್ವಲ್ಪ ಹುಷಾರಾಗಿ ಬರೆಯಬೇಕು. ಮಗನಿಗೆ ಮೂರು ವರ್ಷವಿದ್ದಾಗ ಶೀತ, ಕೆಮ್ಮು ಬಂದರೆ ಅಮ್ಮ ಹೇಳಿಕೊಟ್ಟ ಹಾಗೆ ಎರಡು ಎಲೆ ಕಾವಲಿ ಮೇಲೆ ಬಾಡಿಸಿ, ಹಿಂಡಿ, ಒಂದು ಚಮಚ ರಸಕ್ಕೆ ಜೇನು ಸೇರಿಸಿ ಕೊಡುತ್ತಿದ್ದೆ. ವರ್ಷ ತುಂಬದ ಮಗುವಿಗೆ ಜೇನು ಕೊಡಲೇಬಾರದು, ಇದನ್ನು ನಮ್ಮ ಮಕ್ಕಳ ಡಾಕ್ಟರ್ ಮೊದಲೇ ಹೇಳಿದ್ದರು. ದೊಡ್ಡಪತ್ರೆ ಕೊಡುವುದು ತಿಳಿದಾಗ ಅವರು ಬೈಯಲಿಲ್ಲ. "ಸಾಮಾನ್ಯ ಶೀತ ಒಂದು ವಾರದಲ್ಲಿ ತಾನಾಗೇ ಹೋಗುತ್ತೆ. ಅಲ್ಲಿವರೆಗೆ ಇದು ನಿಮಗೂ ಸಮಾಧಾನ, ಅವನಿಗೂ ಸಮಾಧಾನ. ಉಸಿರಾಟ ಜೋರಾದರೆ, ಪಕ್ಕೆ ಒಳಗೆ ಸೆಳೆದರೆ ಮಾತ್ರ ಕಾಯಬೇಡಿ" ಅಂದರು. ಥೈಮಾಲ್, ಕಾರ್ವಕ್ರಾಲ್ ಪ್ರಯೋಗಾಲಯದ ತಟ್ಟೆಯಲ್ಲಿ ರೋಗಾಣುಗಳನ್ನು ತಡೆಯುವುದು ನಿಜ. ಆದರೆ ಗಾಜಿನ ತಟ್ಟೆ ಬೇರೆ, ಮಗುವಿನ ಎದೆ ಬೇರೆ. ಬಿಸಿ ರಸ ಗಂಟಲಿಗೆ ಇಳಿದಾಗ ಹಾಯೆನಿಸುವುದಂತೂ ಹೌದು, ನನಗೆ ಅಷ್ಟು ಸಾಕು.

ಅತ್ತೆಯ ಮದ್ದು ಬೇರೆ. ಮೈಮೇಲೆ ಪಿತ್ತದ ಗಂಧೆ ಎದ್ದರೆ ಎಲೆ ಜಜ್ಜಿ ಉಜ್ಜಿ, ಕರಿ ಕಂಬಳಿ ಹೊದಿಸಿ ಮಲಗಿಸುವುದು. ಯಜಮಾನರಿಗೆ ಒಮ್ಮೆ ಹಾಗೆ ಮಾಡಿದ್ದರು. ಒಂದು ಗಂಟೆಯಲ್ಲಿ ಇಳಿಯಿತು. ಎಲೆಯಿಂದಲೋ, ಇಳಿಯುವ ಹೊತ್ತಾಗಿತ್ತೋ, ಕಂಬಳಿಯ ಸೆಕೆಗೆ ಹೆದರಿಯೋ! ತುಟಿ ಊದಿದರೆ, ಉಸಿರು ಕಟ್ಟಿದರೆ ಎಲೆ ಹುಡುಕುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ.

ಸುಮಾತ್ರಾದ ಉತ್ತರ ಭಾಗದಲ್ಲಿ ಬಾಟಕ್ ಅನ್ನುವ ಜನ ಬಾಣಂತಿಯರಿಗೆ ಇದೇ ಎಲೆಯ ಸಾರು ಕೊಡುತ್ತಾರಂತೆ, ಎದೆಹಾಲು ಹೆಚ್ಚಲಿ ಅಂತ. ಇದನ್ನು ಓದಿ ಅಮ್ಮನಿಗೆ ಹೇಳಿದೆ. ಅವರು ಒಂದು ನಿಮಿಷ ಯೋಚಿಸಿ, "ತೆಂಗಿನಕಾಯಿ ಹಾಕ್ತಾರಾ?" ಅಂತ ಕೇಳಿದರು.

2022ರಲ್ಲಿ ಅಮ್ಮ ಮೈಸೂರಿಗೆ ಬರುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿ ಪುತ್ತೂರಿನ ಸಾಂಬ್ರಾಣಿ ಕಡ್ಡಿ ತಂದರು. ನನ್ನ ಬಾಲ್ಕನಿಯದಕ್ಕೆ ಘಮವೇ ಇಲ್ಲ ಅಂತ ಅವರ ದೂರು. ಅತ್ತೆ ಸುಮ್ಮನಿರುತ್ತಾರಾ? "ನಮ್ಮ ದೊಡ್ಡಪತ್ರೆ ಬಜ್ಜಿ ಕರಿದ್ರೆ ಬೀದಿ ಕೊನೇವರೆಗೂ ವಾಸನೆ ಹೋಗುತ್ತೆ ಬೀಗ್ತಿ" ಅಂದರು. ಜಗಳ ಬೇಡ ಅಂತ ಎರಡು ಬಕೆಟ್ಟಿನಲ್ಲಿ ಬೇರೆ ಬೇರೆ ನೆಟ್ಟು, ಒಂದಕ್ಕೆ ಸಾಂಬ್ರಾಣಿ, ಒಂದಕ್ಕೆ ದೊಡ್ಡಪತ್ರೆ ಅಂತ ಮಾರ್ಕರಿನಲ್ಲಿ ಬರೆದಿಟ್ಟೆ. ಕಣ್ಣು ಮುಚ್ಚಿ ಮೂಸಿದರೆ ನನಗೆ ವ್ಯತ್ಯಾಸ ಸಿಗಲಿಲ್ಲ. ಅವರಿಬ್ಬರಿಗೂ ಸಿಗುತ್ತಿತ್ತು.

ಹೋದ ವರ್ಷ ಓನರ್ ಮನೆಗೆ ಬಣ್ಣ ಹೊಡೆಸಿದರು. ಕೆಲಸದವರು ಕುಂಡಗಳನ್ನೆಲ್ಲ ಟೆರೇಸಿಗೆ ಸಾಗಿಸಿ ವಾಪಸ್ ತಂದಿಡುವಷ್ಟರಲ್ಲಿ ಎರಡೂ ಬಕೆಟ್ಟಿನ ಮೇಲೆ ಡಿಸ್ಟೆಂಪರ್ ಚೆಲ್ಲಿ ಅಕ್ಷರ ಮುಚ್ಚಿಹೋಗಿತ್ತು. ಯಾವುದು ಯಾವ ಊರಿನದು ಅಂತ ಈಗ ನನಗೆ ಗೊತ್ತಿಲ್ಲ. ಯಾರಿಗೂ ಹೇಳಿಲ್ಲ. ಅತ್ತೆ "ನಮ್ಮ ಗಿಡದ್ದು ಹತ್ತು ಎಲೆ ಕಿತ್ಕೊಂಡು ಬಾಮ್ಮ" ಅಂದಾಗ ಯಾವುದು ಹುಲುಸಾಗಿದೆಯೋ ಅದರಿಂದ ಕಿತ್ತು ತರುತ್ತೇನೆ. ಅಮ್ಮ ಬಂದಾಗಲೂ ಅಷ್ಟೇ. ಇಬ್ಬರೂ ಮೂಸಿ ನೋಡಿ, "ಹಾಂ, ಇದೇ" ಅನ್ನುತ್ತಾರೆ.